ಗಡಗಡ ಬಂದೂಕು

ಹುಮನಾಬಾದ್, ಬಸವಕಲ್ಯಾಣ ಕಡೆಯ ಹಳೇ ವಾಡೆಗಳಲ್ಲಿ ಜೋಡುನಳಿಗೆ ಬಂದೂಕಿಗೆ ಮನೆಯ ಹಿರಿಯರಷ್ಟೇ ಮರ್ಯಾದೆ. ಕೀಲುಗಳೂ ಅಷ್ಟೇ ಸಡಿಲ. ಮುಂದಿನ ಕಟ್ಟಿಗೆ ತೆಗೆದು ಅಲ್ಲಾಡಿಸಿ ನೋಡಿ, ಗಡಗಡ ಎನ್ನುತ್ತದೆ. ನಳಿಗೆ ಮಡಚುವ ಮೊಳೆ ಸವೆದು ಹಿಂದೆ ಸಂದು ಬಿದ್ದಿರುತ್ತದೆ.

"ಕಾಕಾ, ಇದು ಬಂದೂಕೋ ಭಜನಿ ತಾಳೋ?"

"ಸುಮ್ಮನಿರು ತಮ್ಮಾ. ಸೋಡಾ ಡಬ್ಬಿ ಕತ್ತರಿಸಿ ಒಂದು ತಗಡು ತುರುಕಿದ್ರ ಆಯ್ತು. ಪುಕ್ಕಟೆ!"

ಮೆತ್ತನೆಯ ತಗಡು ಎಷ್ಟು ದಿನ ಬಾಳೀತು? ಸಂದು ದೊಡ್ಡದಾಗಿದ್ದರೆ ತೋಟಾದ ಹಿಂಭಾಗ ಸೀಳಿ ಬಿಸಿ ಗಾಳಿ ನುಗ್ಗುವುದು ಹಂದಿಯ ಕಡೆಗಲ್ಲ, ಕಾಕಾನ ಮೀಸೆಯ ಕಡೆಗೆ. ಬಲ್ಲ ಕುಶಲಕರ್ಮಿ ಸವೆದಲ್ಲಿ ಉಕ್ಕು ಸೇರಿಸಿ, ಮಸಿ ಹಚ್ಚಿ, ಮಸಿ ಅಂಟಿದ ಕಡೆಯಷ್ಟೇ ಅರದಿಂದ ಉಜ್ಜಿ ಕೂರಿಸುತ್ತಾನೆ. ಅದು ತಾಳ್ಮೆಯ ಕೆಲಸ, ಪುಕ್ಕಟೆಯದಲ್ಲ. ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲಷ್ಟೇ ಅಲ್ಲ, ರಿಪೇರಿ ದಂಧೆಗೂ ಲೈಸೆನ್ಸ್ ಬೇಕು. ಕಾಕಾನ ಹತ್ತಿರ ಇರುವುದು ಕತ್ತರಿ ಮಾತ್ರ.

ಚುನಾವಣೆ ಘೋಷಣೆಯಾದರಂತೂ ಬಂದೂಕು ಪೊಲೀಸ್ ಠಾಣೆಗೆ ಜಮಾ. ಬಸವಕಲ್ಯಾಣದವರಿಗೆ 2018, 2019 ಸಾಲದೆಂಬಂತೆ 2021ರ ಏಪ್ರಿಲ್‌ನಲ್ಲಿ ಉಪಚುನಾವಣೆಯೂ ಬಂತು. ಆಮೇಲೆ 2023, 2024. ಹೊಲದ ದಾರಿ ಮರೆತ ಬಂದೂಕಿಗೆ ಠಾಣೆಯ ಮೆಟ್ಟಿಲು ಬಾಯಿಪಾಠ. ರಸೀದಿ ಬರೆಯುವ ಪೇದೆಯೂ ಒಮ್ಮೆ ಅಲ್ಲಾಡಿಸಿ ನೋಡಿ ನಗುತ್ತಾನಂತೆ.

ಅತ್ತ ಕಬ್ಬಿನ ಹೊಲದಲ್ಲಿ ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ. ಅವನ್ನು ಹೆದರಿಸಲು ಡಬ್ಬಿ ಬಡಿಯಬೇಕು. ಇದ್ದೊಂದು ಡಬ್ಬಿಯನ್ನು ಕಾಕಾ ಆಗಲೇ ಕತ್ತರಿಸಿಬಿಟ್ಟಿದ್ದಾನೆ.