ಹೈಡಲ್‌ಬರ್ಗಿನ ಪೀಪಾಯಿ, ಟ್ಯೂಬಿಂಗನ್ನಿನ ಅಡುಗೆಮನೆ

ಬೇಸಿಗೆ ಬಂತೆಂದರೆ ಸ್ಟುಟ್‌ಗಾರ್ಟಿನ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ ಬಂದಿಳಿಯುತ್ತಾರೆ. ಮೊದಲ ವಾರ ಹೊತ್ತಲ್ಲದ ಹೊತ್ತಿನ ನಿದ್ದೆ, ಎರಡನೇ ವಾರ ತರಕಾರಿ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನಿಟ್ಟುಸಿರು. ಮೂರನೇ ವಾರ ಏಳುವುದೇ ಈ ಪ್ರಶ್ನೆ: ಹೈಡಲ್‌ಬರ್ಗೋ, ಟ್ಯೂಬಿಂಗನ್ನೋ?

ಎರಡೂ ನೆಕಾರ್ ನದಿಯ ದಂಡೆಯ ಊರುಗಳು. ಎರಡಕ್ಕೂ ಗುಡ್ಡದ ಮೇಲೊಂದು ಕೋಟೆ, ಕೆಳಗೊಂದು ಹಳೇ ವಿಶ್ವವಿದ್ಯಾಲಯ. ಹೈಡಲ್‌ಬರ್ಗಿನದು 1386ರದ್ದು, ಜರ್ಮನಿಯಲ್ಲೇ ಹಿರಿದು, ಟ್ಯೂಬಿಂಗನ್ನಿನದು 1477ರದ್ದು. ಆದರೆ ವಿಶ್ವವಿದ್ಯಾಲಯದ ವಯಸ್ಸು ನೋಡಿ ಪ್ರವಾಸ ಗೊತ್ತುಮಾಡಿದ ಕನ್ನಡ ಕುಟುಂಬ ಇನ್ನೂ ಹುಟ್ಟಬೇಕಾಗಿದೆ.

ಒಂದು ಮನೆಯನ್ನೇ ನೋಡಿ. ಮಗ ಎಂಜಿನಿಯರು, ಸೊಸೆಗೆ ಸಾಫ್ಟ್‌ವೇರ್ ಕೆಲಸ, ಹದಿನಾಲ್ಕು ವರ್ಷದ ಮೊಮ್ಮಗಳು. ಮೈಸೂರಿನಿಂದ ಬಂದ ಅಜ್ಜ ನಿವೃತ್ತ ಕನ್ನಡ ಮೇಷ್ಟ್ರು, ಅಜ್ಜಿಗೆ ಮಂಡಿನೋವು. ಒಟ್ಟು ಐದು ಜನ. ಈ ಲೆಕ್ಕ ಮುಖ್ಯ, ಯಾಕೆಂದರೆ ರಾಜ್ಯದೊಳಗಿನ ಸಾದಾ ರೈಲುಗಳಲ್ಲಿ ದಿನವಿಡೀ ಸುತ್ತಲು ಸಿಗುವ ಬಾಡೆನ್-ವ್ಯೂರ್ಟೆಂಬರ್ಗ್ ಟಿಕೆಟ್ಟಿಗೆ ಐದೇ ಜನರ ಮಿತಿ. ಕೈಬಿಗಿಗೆ ಜರ್ಮನಿಯಲ್ಲೆಲ್ಲ ಹೆಸರಾದ ಶ್ವಾಬಿಯನ್ನರ ನಡುವೆ ಬಾಳಿ ಬಾಳಿ ಮಗನೂ ಅರ್ಧ ಶ್ವಾಬಿಯನ್ನೇ ಆಗಿದ್ದ. ವೇಗದ ರೈಲು ಹತ್ತಿದರೆ ಮುಕ್ಕಾಲು ಗಂಟೆಗೆಲ್ಲ ಹೈಡಲ್‌ಬರ್ಗ್ ಅಂತ ಸೊಸೆ ಅಂದರೆ, "ಅದರಲ್ಲಿ ಈ ಟಿಕೆಟ್ ನಡೆಯಲ್ಲ" ಅಂತ ಒಂದೇ ಮಾತಿಗೆ ಮುಗಿಸಿದ. ಸಾದಾ ರೈಲಿಗೆ ಒಂದೂವರೆ ಗಂಟೆ. ಟ್ಯೂಬಿಂಗನ್ನಿಗಾದರೆ ಒಂದು ಗಂಟೆ.

ಸೊಸೆಯ ಒಲವು ಹೈಡಲ್‌ಬರ್ಗಿನ ಕಡೆಗೆ. ಕೋಟೆಗೆ ಹಗ್ಗದಿಂದ ಎಳೆಯುವ ಪುಟ್ಟ ರೈಲಿದೆ. ಅತ್ತೆಯ ಮಂಡಿ ಬಚಾವು. ಹಳೇ ಸೇತುವೆ ಮೇಲೆ ನಿಂತರೆ ಬೀಗರ ವಾಟ್ಸಾಪ್ ಗುಂಪಿಗೆ ಹಾಕುವಂಥ ಫೋಟೋ ತಾನಾಗಿ ಬರುತ್ತದೆ. ವಿದ್ಯಾರ್ಥಿಗಳಿಗೆಂದೇ ವಿಶ್ವವಿದ್ಯಾಲಯ 1914ರವರೆಗೂ ಇಟ್ಟುಕೊಂಡಿದ್ದ ಸೆರೆಮನೆಯ ವಿಷಯ ಮಾತ್ರ ಅವಳು ಎತ್ತಲಿಲ್ಲ. ರಾತ್ರಿ ಕುಡಿದು ಗಲಾಟೆ ಮಾಡಿದವರನ್ನು ಅಲ್ಲಿ ಕೂಡುತ್ತಿದ್ದರು, ಪಾಠದ ಹೊತ್ತಿಗೆ ಬಿಡುತ್ತಿದ್ದರು. ಅವರು ಗೋಡೆ ತುಂಬ ಗೀಚಿದ್ದನ್ನು ನೋಡಲು ಇವತ್ತು ಜನ ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ. ಹದಿನಾಲ್ಕರ ಮಗಳಿಗೆ ಕಲಿಸುವ ಪಾಠ ಅದಲ್ಲ.

"ಕೋಟೆ ಒಳಗೆ ಏನಿದೆ?" ಅಂತ ಅಜ್ಜಿ ಕೇಳಿದ್ದೇ ತಪ್ಪಾಯಿತು. ಮಗ ಉತ್ಸಾಹದಿಂದ ಪೀಪಾಯಿಯ ಚಿತ್ರ ತೋರಿಸಿದ: 1751ರಲ್ಲಿ ಕಟ್ಟಿದ್ದು, ಸುಮಾರು 2 ಲಕ್ಷ 20 ಸಾವಿರ ಲೀಟರ್ ವೈನ್ ಹಿಡಿಯುತ್ತದೆ, ಮೇಲೆ ಹತ್ತಿ ಕುಣಿಯಲು ಜಗಲಿಯೂ ಇದೆ. ಅಜ್ಜಿ ಕನ್ನಡಕ ತೆಗೆದು ಒರೆಸಿದರು. "ಏಳು ಸಮುದ್ರ ದಾಟಿ ಬಂದು ಹೆಂಡದ ಪೀಪಾಯಿ ನೋಡಬೇಕೇನೋ?"

ಹಾಗಾದರೆ ಟ್ಯೂಬಿಂಗನ್ನಿನ ಕೋಟೆ? ಅದರ ಹಳೇ ಅಡುಗೆಮನೆಯೇ ಪ್ರಯೋಗಶಾಲೆಯಾಗಿತ್ತು. ಈಗ ನಾವು ಡಿಎನ್‌ಎ ಅನ್ನುವ ವಸ್ತುವನ್ನು ಫ್ರೀಡ್ರಿಶ್ ಮೀಷರ್ 1869ರಲ್ಲಿ ಮೊದಲು ಬೇರ್ಪಡಿಸಿದ್ದು ಅಲ್ಲೇ. ಇಷ್ಟಕ್ಕೇ ನಿಲ್ಲಿಸಿದ್ದರೆ ಅಜ್ಜಿಗೂ ಹೆಮ್ಮೆಯಾಗುತ್ತಿತ್ತು. ಮಗ ವಿವರಕ್ಕಿಳಿದ. ಆಸ್ಪತ್ರೆಯಿಂದ ಗಾಯದ ಬಟ್ಟೆ ತರಿಸಿ, ಅದರ ಕೀವನ್ನು ತೊಳೆದು ತೆಗೆದ ಜೀವಕೋಶಗಳಿಂದ ಮೀಷರ್ ಅದನ್ನು ಬೇರ್ಪಡಿಸಿದನಂತೆ.

"ಅಡುಗೆಮನೇಲಿ?"

"ಅಡುಗೆಮನೇಲೇ ಅಮ್ಮ. ಅಷ್ಟು ಹೊತ್ತಿಗೆ ಅಡುಗೆ ನಿಂತುಹೋಗಿತ್ತು."

"ನಿಲ್ಲದೆ ಇನ್ನೇನು!"

ಮಡಿಬಟ್ಟೆ ಉಟ್ಟು ಒಗ್ಗರಣೆ ಹಾಕುವವರ ಎದುರು ವಿಜ್ಞಾನದ ಇತಿಹಾಸ ಹೇಳುವಾಗ ಕೆಲವು ವಿವರ ನುಂಗಿಕೊಳ್ಳುವುದು ಕ್ಷೇಮ.

ಆಗ ಅಜ್ಜ ಬಾಯಿಬಿಟ್ಟರು. ಹರ್ಮನ್ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗನ್ನಿನಲ್ಲಿ. ಆಮೇಲೆ ಮಂಗಳೂರಿಗೆ ಬಂದು 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಅವನ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವಿಶ್ವವಿದ್ಯಾಲಯ. ಸುಮಾರು 70 ಸಾವಿರ ಶಬ್ದಗಳ ನಿಘಂಟು 1894ರಲ್ಲಿ ಅಚ್ಚಾದ ಮೇಲೆ ಕಿಟ್ಟೆಲ್ಲರಿಗೂ ಅಲ್ಲಿಂದಲೇ ಡಾಕ್ಟರೇಟ್ ಬಂತು. 1903ರಲ್ಲಿ ಅವರು ತೀರಿಕೊಂಡದ್ದೂ ಆ ಊರಿನಲ್ಲೇ. "ಮೂವತ್ತು ವರ್ಷ ಆ ನಿಘಂಟು ಹಿಡಿದು ಪಾಠ ಹೇಳಿದೀನಿ. ಒಂದು ಗಂಟೆ ದಾರೀಲಿರೋ ಊರಿಗೆ ಹೋಗ್ದೆ ಪೀಪಾಯಿ ನೋಡ್ಲಾ?"

ಮನೆ ಮೌನವಾಯಿತು. ಆದರೂ ಗೆಲ್ಲಿಸಿದ್ದು ಕಿಟ್ಟೆಲ್ ಅಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಮೊಮ್ಮಗಳು ಅಷ್ಟರಲ್ಲಿ ತನ್ನ ಸಂಶೋಧನೆ ಮುಗಿಸಿದ್ದಳು. ಟ್ಯೂಬಿಂಗನ್ನಿನಲ್ಲಿ ಉದ್ದ ಕೋಲಿನಿಂದ ನದಿಯ ತಳ ಒತ್ತಿ ನಡೆಸುವ ದೋಣಿಗಳಿವೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಅದರಲ್ಲೇ ಪಂದ್ಯ ಕಟ್ಟುತ್ತಾರೆ. ಸೋತ ತಂಡದ ಒಬ್ಬೊಬ್ಬರೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು, ಅದೂ ಎಲ್ಲರೆದುರು. ಇದಲ್ಲದೆ, 1797ರಲ್ಲಿ ಕವಿ ಗೋಯಥೆ ತಂಗಿದ್ದ ಮನೆಗೆ ಅವನ ಹೆಸರಿನ ಗಂಭೀರ ಫಲಕವಿದ್ದರೆ, ಪಕ್ಕದ ಮನೆಯಲ್ಲಿ 'ಗೋಯಥೆ ವಾಂತಿ ಮಾಡಿದ್ದು ಇಲ್ಲಿ' ಅಂತ ಯಾರೋ ತುಂಟರು ಇನ್ನೊಂದು ಬೋರ್ಡು ಹಾಕಿದ್ದಾರೆ. ಮೊಮ್ಮಗಳ ಓಟು ಟ್ಯೂಬಿಂಗನ್ನಿಗೆ ಬಿತ್ತು.

ಅಜ್ಜಿಯೂ ಒಪ್ಪಿದರು. ಹರಳೆಣ್ಣೆ ಕುಡಿಸಿ ಮಕ್ಕಳನ್ನು ಬೆಳೆಸಿದವರಿಗೆ ಮೀನೆಣ್ಣೆಯ ಶಿಕ್ಷೆ ನ್ಯಾಯವಾಗಿಯೇ ಕಂಡಿತು. ಷರತ್ತು ಒಂದೇ: ಕೋಟೆ ಹತ್ತುವುದಿಲ್ಲ, ಆ ಅಡುಗೆಮನೆ ನೋಡುವುದಿಲ್ಲ. ಕಲ್ಲು ಹಾಸಿದ ಏರುದಾರಿಯಲ್ಲಿ ಮಂಡಿ ಸವೆಸುವ ಗೋಜೂ ಇಲ್ಲ; ದೋಣಿಯಲ್ಲಿ ಕೂತರಾಯಿತು.

ಮಂಡಿ ನೋಯುವವರಿಗೂ ಫೋಟೋ ಬೇಕೆನ್ನುವವರಿಗೂ ಹೈಡಲ್‌ಬರ್ಗೇ ಸರಿ. ಮನೆಯಲ್ಲೊಬ್ಬ ಕನ್ನಡ ಮೇಷ್ಟ್ರಿದ್ದರೆ ಟ್ಯೂಬಿಂಗನ್ ಬಿಟ್ಟು ಬೇರೆ ದಾರಿಯಿಲ್ಲ. ದೋಣಿ ಪಂದ್ಯ ನಡೆಯುವುದು ಕಾರ್ಪಸ್ ಕ್ರಿಸ್ಟಿ ಹಬ್ಬದ ಗುರುವಾರ, ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ. ಅವತ್ತು ಸಾರ್ವಜನಿಕ ರಜೆ, ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಪುಳಿಯೋಗರೆ ಕಟ್ಟಿಕೊಂಡೇ ಹೊರಡಿ.