ಮೊದಲ ಪುಟದ ಮುಹೂರ್ತ

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಚನ್ನಪಟ್ಟಣವನ್ನು ಬಳಸಿಕೊಂಡು ಹೋದಮೇಲೆ, ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದೇ ಅಪರೂಪವಾಯಿತು. ಅಂಥದೊಂದು ಅಂಗಡಿಗೆ ಎಸ್‌ಇಒ ಹುಡುಗ ಲ್ಯಾಪ್‌ಟಾಪ್ ಸಮೇತ ಬಂದಿಳಿದ.

“ಗೂಗಲ್‌ನಲ್ಲಿ ಫಸ್ಟ್ ರ‍್ಯಾಂಕ್ ಗ್ಯಾರಂಟಿ, ಯಜಮಾನ್ರೇ.”

“ಅಂಥ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ನೋರೇ ಬರ್ದವ್ರಂತೆ? ಮೊಮ್ಮಗಳು ಓದಿ ಹೇಳಿದ್ಲು.”

“ಅದು ವಿನಯಕ್ಕೆ ಹೇಳೋದು.”

“ಎಷ್ಟು ದಿನ ಆಗ್ತದೆ?”

“4 ತಿಂಗಳಿಂದ 1 ವರ್ಷ. 2017ರಲ್ಲೇ ಗೂಗಲ್ನೋರು ವಿಡಿಯೊದಲ್ಲಿ ಹೇಳವ್ರೆ.”

“ಅದು ಮಾತ್ರ ವಿನಯಕ್ಕಲ್ಲ?”

ಹುಡುಗ ನೀರು ಕುಡಿದ. “ಮೊದ್ಲು ಅವರ ಬಾಟ್ ಬಂದು ನಿಮ್ಮ ಸೈಟ್ ಮೇಲೆ ಕ್ರಾಲ್ ಮಾಡ್ಬೇಕು. ಅಂದ್ರೆ ತೆವಳ್ಬೇಕು. ಆಮೇಲೆ ಇಂಡೆಕ್ಸು, ಆಮೇಲೆ ರ‍್ಯಾಂಕು.”

“ಮೊಮ್ಮಗನೂ ಎಂಟು ತಿಂಗಳಿಗೆ ತೆವಳ್ದ. ತಿಂಗಳ್ತಿಂಗಳು ಬಿಲ್ ಮಾತ್ರ ಕಳಿಸ್ಲಿಲ್ಲ.”

ಆರನೇ ತಿಂಗಳು ಹುಡುಗ ಕುಣಿಯುತ್ತಾ ಬಂದ. “ನೋಡಿ, ಫಸ್ಟು!” ಪರದೆಯ ಮೇಲೆ ಅವನೇ ಟೈಪಿಸಿದ್ದು: ಅಂಗಡಿಯ ಪೂರ್ತಿ ಹೆಸರು, ಬೀದಿ, ಪಿನ್‌ಕೋಡು.

“ಇಷ್ಟೆಲ್ಲ ಗೊತ್ತಿರೋನು ಹುಡುಕೋದ್ಯಾಕಪ್ಪ? ನೆಟ್ಟಗೆ ಬಂದೇ ಬಿಡ್ತಾನೆ. ಬರೀ ‘ಮರದ ಬೊಂಬೆ’ ಅಂತ ಹೊಡಿ.”

ಹೊಡೆದ. ಮೊದಲ ಪುಟ ಹೋಯಿತು, ಎರಡನೆಯದು ಹೋಯಿತು. ಯಜಮಾನರು ಬೊಂಬೆ ಕಡೆಯುವ ಯಂತ್ರ ಚಾಲೂ ಮಾಡಿ, ತಿರುಗುವ ಹಾಲೆ ಮರದ ಬುಗುರಿಗೆ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ, ಹಳದಿ ಬಣ್ಣ ಕ್ಷಣದಲ್ಲಿ ಹತ್ತಿಕೊಂಡಿತು.

“ಏಳನೇ ಪುಟ, ಯಜಮಾನ್ರೇ...”

“ಹುಡುಕ್ತಿರು. ನಾವು ಸಿಕ್ಕಿದ್ರೆ ಒಂದು ಕೂಗು ಹಾಕು, ಇಲ್ಲೇ ಇರ್ತೀನಿ.”