ಸಿಂಡಿಕೇಟ್ ಸಂಧಿಪ್ರಕರಣ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಅಡಿಯಲ್ಲಿ ಸೇರುವ ಸಿಂಡಿಕೇಟ್ ಸಭೆಗಳ ಹಣಕಾಸು ನಡಾವಳಿಯನ್ನು ಬಹುಶಿಸ್ತೀಯ, ಅಂತರ್‌ಪಠ್ಯೀಯ ಹಾಗೂ ಉಪಾಹಾರೋತ್ತರ ನೆಲೆಗಳಲ್ಲಿ ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಕ್ಷೇತ್ರದಲ್ಲಿ ಈವರೆಗೆ ಯಾರೂ ಸಂಶೋಧನೆ ಮಾಡಿಲ್ಲ. ಸಂಶೋಧಕರ ಫೆಲೋಶಿಪ್ ಕಡತ ಅದೇ ಸಿಂಡಿಕೇಟಿನ ಮುಂದೆ ಬಾಕಿ ಇರುವುದು ಇದಕ್ಕೆ ಕಾರಣವಾಗಿರಬಹುದು.

ನಿರ್ಣಯಗಳು ಮೇಲ್ನೋಟಕ್ಕೆ ಗದ್ಯ; ಆಳದಲ್ಲಿ ವ್ಯಾಕರಣ. ಪದಕ್ಕೆ ಪದ ಸೇರುವಾಗ ಆಗುವ ಲೋಪ, ಆಗಮ, ಆದೇಶಗಳೇ ವಿಶ್ವವಿದ್ಯಾಲಯಕ್ಕೆ ಹಣ ಸೇರುವಾಗಲೂ ಆಗುತ್ತವೆ.

ಮೊದಲನೆಯದು ಲೋಪ. ಆಯವ್ಯಯ ಪೂರ್ವಪದ, ಸರ್ಕಾರಿ ಅನುದಾನ ಉತ್ತರಪದ. ವ್ಯಾಕರಣಕಾರ ಕೇಶಿರಾಜನ ಕಾಲಕ್ಕೆ ಪೂರ್ವಪದದ ಕೊನೆಯ ಸ್ವರವಷ್ಟೇ ಬಿದ್ದುಹೋಗುತ್ತಿತ್ತು. ಈಗ ಉತ್ತರಪದವೇ ಕಾಣೆ. ಉಳಿದ ಕೊರತೆಯನ್ನು 'ವಿಶೇಷ ಅನುದಾನ ನಿರೀಕ್ಷಿಸಿ' ಎಂಬ ಒಂದೇ ಸಾಲಿನಿಂದ ತುಂಬಿಸುವುದು ಈ ಶಾಸ್ತ್ರದ ಸಿದ್ಧಿ. ಕಾಲೇಜುಗಳ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳಿಂದ ಬದುಕುತ್ತಿದ್ದ ಮೈಸೂರು ವಿಶ್ವವಿದ್ಯಾಲಯದಿಂದ ಹಾಸನ, ಚಾಮರಾಜನಗರಗಳು ಬೇರೆಯಾದವು. ಶುಲ್ಕ ಮಕ್ಕಳ ಪಾಲಾಯಿತು, ಪಿಂಚಣಿಯ ಹೊರೆ ತಾಯಿಯ ತಲೆಯ ಮೇಲೇ ಉಳಿಯಿತು. ಅತ್ತ ರಾಜ್ಯದ ಹೊಸ ವಿಶ್ವವಿದ್ಯಾಲಯಗಳು ಬೋರ್ಡು ಬರೆಸಿ ಬಣ್ಣ ಆರುವಷ್ಟರಲ್ಲಿ, ಅಂದರೆ 2025ರಲ್ಲಿ, ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದಲೇ ಬಂತು. ಇದು ಲೋಪದ ಲೋಪ. ಸೂತ್ರ ಇನ್ನೂ ಸಿಕ್ಕಿಲ್ಲ.

ಆಗಮವೆಂದರೆ ದೇಣಿಗೆ. ಪದಕದ ದತ್ತಿ ಯಕಾರಾಗಮ, ಅಧ್ಯಯನ ಪೀಠ ವಕಾರಾಗಮ. ನಿವೃತ್ತ ಮೇಷ್ಟ್ರೊಬ್ಬರು ತಾಯಿಯ ಹೆಸರಿನಲ್ಲಿ ಚಿನ್ನದ ಪದಕಕ್ಕೆಂದು ಠೇವಣಿ ಇಡುತ್ತಾರೆ. ಬಡ್ಡಿ ಇಳಿಯುತ್ತದೆ, ಚಿನ್ನ ಏರುತ್ತದೆ. ಪದಕ ಚಿನ್ನದಿಂದ ಚಿನ್ನದ ಲೇಪಕ್ಕೆ, ಲೇಪದಿಂದ ಪ್ರಮಾಣಪತ್ರಕ್ಕೆ ಇಳಿದು ಬಂದರೂ ಘಟಿಕೋತ್ಸವದ ವೇದಿಕೆಯಲ್ಲಿ ಕೂಗುವ ಹೆಸರು ಮಾತ್ರ 'ಚಿನ್ನದ ಪದಕ'. ಪೀಠದ ಕತೆ ಇನ್ನೂ ಸರಳ: ಉದ್ಘಾಟನೆಯ ದಿನ ಹಾರ, ತುರಾಯಿ, ಒಂದು ಫಲಕ, ಮರುದಿನದಿಂದ ಬೀಗ.

ಇನ್ನು ಆದೇಶ. ಕ, ತ, ಪಗಳ ಜಾಗಕ್ಕೆ ಗ, ದ, ಬಗಳು ಬರುವಂತೆ, ಕ್ಲೇಮುಗಳಲ್ಲಿ 'ಪಾವತಿಸುವುದು' ಎಂಬುದರ ಜಾಗಕ್ಕೆ 'ಪರಿಶೀಲಿಸುವುದು' ಬರುತ್ತದೆ, ಅದರ ಜಾಗಕ್ಕೆ 'ಉಪಸಮಿತಿ', ಅದರ ಜಾಗಕ್ಕೆ 'ಮುಂದಿನ ಸಭೆಗೆ'. ಇದಕ್ಕೆ ಐದು ಒಳಭೇದಗಳನ್ನು ಗುರುತಿಸಿ ಸಂಸ್ಕೃತದಲ್ಲಿ ಹೆಸರನ್ನೂ ಇಟ್ಟಿದ್ದೆ. ಬಿಡಿ, ಯಾರಿಗೆ ಬೇಕು?

ಕುಲಪತಿಗಳ ಹೊಸ ಕಾರು 'ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯ'ವಾಗಿ ಒಳಗೆ ಬಂದು, ಗೋಡಂಬಿ ತಟ್ಟೆ ಖಾಲಿಯಾಗುವುದರೊಳಗೆ ಘಟನೋತ್ತರ ಅನುಮೋದನೆ ಪಡೆದು ಹೊರಗೆ ಹೋಗುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ಹಿರಿಯರ ಆಸ್ಪತ್ರೆ ಬಿಲ್ಲಿಗೆ ಮಾತ್ರ ಮೂಲ ರಸೀದಿ ಬೇಕು, ದೃಢೀಕರಣ ಬೇಕು, ಆಕ್ಷೇಪಣೆಗೆ ಉತ್ತರ ಬೇಕು; ಅವರು ತೀರಿಕೊಂಡರೆ ವಾರಸುದಾರರ ಅರ್ಜಿ ಬೇಕು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಅತಿಥಿ ಉಪನ್ಯಾಸಕರಿಗೆ ಪಾಠವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಯುಜಿಸಿ 2019ರಲ್ಲೇ ಹೇಳಿತು. ಸಭೆಯಲ್ಲಿ ಆ ಸುತ್ತೋಲೆಯನ್ನು 'ಗಮನಿಸಲಾಯಿತು'. ಗಮನಿಸಿದ್ದಕ್ಕೆ ಸದಸ್ಯರು ಪ್ರಯಾಣಭತ್ಯೆ ಪಡೆದರು. ನಾಲ್ವಡಿಯವರ ಮೈಸೂರು 1916ರಲ್ಲಿ ವಿಶ್ವವಿದ್ಯಾಲಯ ಕಟ್ಟಿತು. ಕುಲಪತಿ ಕುವೆಂಪು ಅದರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅಂಥ ಹೆಸರಿಡುವ ಎದೆಗಾರಿಕೆ ಇದ್ದ ನಾಡಿನಲ್ಲಿ, ಪಾಠ ಮಾಡುವವನು ಸೆಮಿಸ್ಟರ್ ಮುಗಿದ ಮೇಲೂ ಸಂಬಳಕ್ಕಾಗಿ ಹಣಕಾಸು ಅಧಿಕಾರಿಯ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ. ಬಿ.ಎ. ತರಗತಿಗಳಲ್ಲಿ ಲೋಪ, ಆಗಮ, ಆದೇಶಗಳನ್ನು ಕಲಿಸುವವನೂ ಅವನೇ. ಸೂತ್ರಗಳೆಲ್ಲ ಹಾಗಿರಲಿ ಸ್ವಾಮಿ, ದಸರೆಗೆ ಮೊದಲು ಅವನ ಬಾಕಿ ಹಾಕಿಬಿಡಿ.